ನಮ್ಮ ಮ್ಯಾನೇಜರ್ ತಾಯಿ ಪಾಸಾದ ಪ್ರಸಂಗ

ಮಳವಳ್ಳಿಯ ನಮ್ಮ ಬ್ಯಾಂಕ್ ಶಾಖೆಯಲ್ಲಿ ಇಂಗ್ಲಿಷಿಗೇ ಒಂದು ಪ್ರತ್ಯೇಕ ವಿಭಾಗ ಅಂತ ಇದ್ದಿದ್ದರೆ ಅದರ ಮುಖ್ಯಸ್ಥ ನಾನೇ ಆಗಿರುತ್ತಿದ್ದೆ. ಇದು ನಾನು ಕೇಳಿ ಪಡೆದ ಹುದ್ದೆಯಲ್ಲ. ಮೇಲಿನ ಕಚೇರಿಯಿಂದ ಸುತ್ತೋಲೆ ಬಂದರೆ "ಶಿವಣ್ಣೋರು ನೋಡ್ಲಿ" ಅಂತ ನನ್ನ ಮೇಜಿಗೆ ಬರುತ್ತದೆ. ಗ್ರಾಹಕರ ಮೊಬೈಲಿಗೆ ಇಂಗ್ಲಿಷ್ ಮೆಸೇಜು ಬಂದರೆ ಅವರು ಕ್ಯಾಷ್ ಕೌಂಟರನ್ನು ದಾಟಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾನು ಕನ್ನಡಕ ಹಾಕಿಕೊಂಡು, ಓದಿ, ಗಂಭೀರವಾಗಿ ತಲೆಯಾಡಿಸಿ, "ಏನೂ ಯೋಚ್ನೆ ಮಾಡ್ಬೇಡಿ, ನಿಮ್ಮ ಖಾತೆ ಚೆನ್ನಾಗೈತೆ" ಅನ್ನುತ್ತೇನೆ. ಇವತ್ತಿನವರೆಗೆ ಯಾರೂ ದೂರು ಕೊಟ್ಟಿಲ್ಲ.

ಅದರಲ್ಲೂ 'ಪಾಸ್' ಅನ್ನುವ ಕ್ರಿಯಾಪದದ ಮೇಲೆ ನನಗೆ ವಿಶೇಷ ಹಿಡಿತ. ಅದು ಇಂಗ್ಲಿಷ್ ಪದ ಅಂತ ಅನ್ನಿಸುತ್ತಲೇ ಇರಲಿಲ್ಲ, ನಮ್ಮ ಸೀಮೆಯದೇ ಪದದ ಹಾಗಿತ್ತು. ಹನಕೆರೆಯಿಂದ ಮಂಡ್ಯದ ಕಾಲೇಜಿಗೆ ರೈಲಿನಲ್ಲಿ ಹೋಗುತ್ತಿದ್ದಾಗ ಜೇಬಿನಲ್ಲಿ ಇದ್ದದ್ದು ಪಾಸು. ಕಾಲೇಜು ತಪ್ಪಿಸಿ ಸ್ಟೇಷನ್ ಕಟ್ಟೆ ಮೇಲೆ ಕೂತು ಮಾಡಿದ್ದು ಟೈಂಪಾಸು. ಅಷ್ಟಾದರೂ ಪರೀಕ್ಷೆಯಲ್ಲಿ ಆದದ್ದು ಪಾಸು. ಈಗ ಬ್ಯಾಂಕಿನಲ್ಲಿ ಚೆಕ್ಕು ಪಾಸು ಮಾಡುತ್ತೇನೆ, ಪಾಸ್‌ಬುಕ್ಕು ತುಂಬಿಸುತ್ತೇನೆ, ಊರಿಗೆ ಹೋಗುವಾಗ ಬೈಪಾಸಿನಲ್ಲಿ ಇಳಿಯುತ್ತೇನೆ. ಇನ್ನು 'ಪಾಸ್ ಔಟ್' ಅಂದರೆ ಡಿಗ್ರಿ ಮುಗಿಸಿ ಕಾಲೇಜಿನಿಂದ ಹೊರಗೆ ಬರುವುದು. ಯಾರಿಗಾದರೂ ನನ್ನ ಪರಿಚಯ ಹೇಳಿಕೊಳ್ಳುವಾಗ "ಐ ಪಾಸ್ಡ್ ಔಟ್ ಫ್ರಮ್ ಮಂಡ್ಯ" ಅಂತ ಎದೆಯುಬ್ಬಿಸಿ ಹೇಳುವುದು ನನ್ನ ರೂಢಿ. ಈ ಪದ ನನಗೆ ಒಂದು ದಿನ ಕೈಕೊಡುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ನಮ್ಮ ಮ್ಯಾನೇಜರ್ ಸಾಹೂ ಅವರು ಒಡಿಶಾದವರು. ಮೆತ್ತಗಿನ ಮಾತಿನ ಒಳ್ಳೆಯ ಮನುಷ್ಯ. ಆದರೆ ಕನ್ನಡ ಒಂದಕ್ಷರ ಬರದು. ಹಾಗಾಗಿ ನಮ್ಮ ನಡುವೆ ಎಲ್ಲ ವ್ಯವಹಾರ ಇಂಗ್ಲಿಷಿನಲ್ಲಿ. ಹೆಂಡತಿ ಮಗಳು ಅವರ ಊರಿನಲ್ಲೇ ಇದ್ದರು. ಇಲ್ಲಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ಪುಟ್ಟತಾಯಮ್ಮ ಅನ್ನುವವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಅವರೊಬ್ಬರೇ ಇದ್ದರು. ಆಮೇಲೆ ಅವರ ತಾಯಿ ಬಂದು ಸೇರಿಕೊಂಡರು.

ಈ ತಾಯಿ ಸಾಮಾನ್ಯರಲ್ಲ. ಚಿಕ್ಕ ವಯಸ್ಸಿಗೆ ಮದುವೆಯಾಗಿ ಓದು ನಿಂತುಹೋಗಿತ್ತಂತೆ. ಅರವತ್ತು ದಾಟಿದ ಮೇಲೆ ಮೊಮ್ಮಗಳು ಒಂದು ದಿನ "ಅಜ್ಜಿ, ನೀನು ಎಷ್ಟನೇ ಕ್ಲಾಸು?" ಅಂತ ಕೇಳಿದಳಂತೆ. ಆ ರೋಷಕ್ಕೆ ಮನೆಯಲ್ಲೇ ಕೂತು ಓದಿ, ದೂರಶಿಕ್ಷಣದಲ್ಲಿ ಬಿ.ಎ. ಕೊನೆಯ ವರ್ಷದ ಪರೀಕ್ಷೆ ಬರೆದು ಬಂದಿದ್ದರು. ಫಲಿತಾಂಶ ಇನ್ನೂ ಬರಬೇಕಿತ್ತು. ಕಾಯುವ ಹೊತ್ತಿನಲ್ಲಿ ಕನ್ನಡವನ್ನೂ ಕಲಿತುಬಿಟ್ಟರು. ಕಲಿಸಿದವರು ಕೆಳಗಿನ ಮನೆಯ ಪುಟ್ಟತಾಯಮ್ಮ. ಪುಟ್ಟತಾಯಮ್ಮ ಹಸುಕರು, ಹಾಲಿನವರು, ತಹಶೀಲ್ದಾರರು ಎಲ್ಲರನ್ನೂ ಒಂದೇ ಬಗೆಯಲ್ಲಿ ಮಾತಾಡಿಸುವವರು. ಅದರ ಫಲ ಏನಾಯಿತು ಅಂದರೆ, ಈ ತಾಯಿ ಒಂದು ದಿನ ಬ್ಯಾಂಕಿಗೆ ಬಂದವರು ನನ್ನ ಮೇಜಿನ ಮುಂದೆ ನಿಂತು, ನಗುನಗುತ್ತಾ, "ಏನ್ಲಾ ಸಿವಣ್ಣ, ಉಣ್ಣಕ್ಕೋಗ್ಲಿಲ್ವೇನ್ಲಾ?" ಅಂದರು. ನಾನು ಎದ್ದು ನಿಂತೆ. ತಿದ್ದುವ ಧೈರ್ಯ ಬ್ಯಾಂಕಿನಲ್ಲಿ ಯಾರಿಗೂ ಆಗಲಿಲ್ಲ. ಕೇಳುವುದಕ್ಕೂ ಅದು ಚೆನ್ನಾಗಿತ್ತು.

ಅವತ್ತು ಭಾನುವಾರ. ಬೆಳಿಗ್ಗೆ ನಾನು ಅಕ್ಕಿರೊಟ್ಟಿ ಮುಂದೆ ಕೂತಿದ್ದೆ. ಸಾಹೂ ಅವರ ಫೋನು ಬಂತು.

"ಶಿವಣ್ಣ ಜೀ, ಮೈ ಮದರ್ ಹ್ಯಾಸ್ ಪಾಸ್ಡ್ ಔಟ್" ಅಂದರು. ಧ್ವನಿ ನಡುಗುತ್ತಿತ್ತು. "ಪ್ಲೀಸ್ ಕಮ್ ಫಾಸ್ಟ್. ಬ್ರಿಂಗ್ ಸಮ್ ಪೀಪಲ್. ಬ್ರಿಂಗ್ ಸಮ್ ವೆಹಿಕಲ್ ಆಲ್ಸೋ."

ನನಗೆ ರೋಮಾಂಚನವಾಯಿತು. ತಾಯಿ ಬಿ.ಎ. ಮುಗಿಸಿ ಹೊರಬಿದ್ದಿದ್ದಾರೆ. ಬೇಗ ಬನ್ನಿ, ಜನ ಕರೆತನ್ನಿ, ಗಾಡಿಯನ್ನೂ ತನ್ನಿ ಅನ್ನುತ್ತಿದ್ದಾರೆ.

"ಕಂಗ್ರಾಜುಲೇಷನ್ಸ್ ಸಾರ್" ಅಂದೆ. "ವೆರಿ ವೆರಿ ಹ್ಯಾಪಿ ನ್ಯೂಸ್."

ಆ ಕಡೆಯಿಂದ "ಹಲೋ? ಹಲೋ? ಪ್ಲೀಸ್ ಕಮ್" ಅಂದು ಇಟ್ಟುಬಿಟ್ಟರು. ನೆಟ್‌ವರ್ಕ್ ಸರಿಯಿಲ್ಲದೆ ಏನೋ ತಪ್ಪು ಕೇಳಿಸಿತು ಅಂತ ಅವರು ಅಂದುಕೊಂಡರಂತೆ. ಇದು ಆಮೇಲೆ ಗೊತ್ತಾದದ್ದು.

"ಸಾಹೂ ಸಾಹೇಬರ ತಾಯಿ ಬಿ.ಎ. ಪಾಸಾದ್ರಂತೆ ಕಣೇ" ಅಂತ ಹೆಂಡತಿಗೆ ಹೇಳಿದೆ.

ಜಯಾ ಒಲೆ ಮುಂದಿನಿಂದಲೇ ಕೇಳಿದಳು, "ಭಾನುವಾರ ರಿಸಲ್ಟ್ ಕೊಡ್ತಾರೇನ್ರೀ?"

"ಈಗೆಲ್ಲ ಆನ್‌ಲೈನು. ಅದಕ್ಕೆ ಭಾನುವಾರ ಸೋಮವಾರ ಇಲ್ಲ."

"ಅದಕ್ಕೆ ಬೇಗ ಬನ್ನಿ ಅಂತ ಯಾಕಂದ್ರು?"

"ಸಂತೋಷ ತಡ್ಕೊಳಕ್ಕಾಗ್ಲಿಲ್ಲ."

"ಗಾಡಿ ಯಾಕೆ?"

"ಮೆರವಣಿಗೆಗೆ."

ಅವಳು ರೊಟ್ಟಿ ತಿರುವುವುದನ್ನು ಬಿಟ್ಟು ನನ್ನ ಮುಖ ನೋಡಿದಳು. "ಅವರು ಮೆರವಣಿಗೆ ಮಾಡಿಸ್ಕೊಳೋ ಪೈಕಿ ಅಲ್ಲಪ್ಪ. ಧ್ವನಿ ಹೆಂಗಿತ್ತು?"

"ಗದ್ಗದವಾಗಿತ್ತು. ಅಳ್ತಿದ್ರು ಅಂತಲೇ ಇಟ್ಕೊ. ಆನಂದಬಾಷ್ಪ."

"ಇನ್ನೊಂದ್ಸಲ ಫೋನ್ ಮಾಡಿ ಸರಿಯಾಗಿ ಕೇಳ್ರೀ."

ಆ ಇಡೀ ದಿನದಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ. ನಾನು ಅದನ್ನು ತಳ್ಳಿಹಾಕಿದೆ. ಇಂಗ್ಲಿಷ್ ಬರದವರು ಎರಡೆರಡು ಸಲ ಕೇಳಬೇಕು, ನಾನು ಯಾಕೆ ಕೇಳಲಿ?

ಕೂಡಲೇ ನಮ್ಮ ಅಟೆಂಡರ್ ಕೆಂಪರಾಜುವಿಗೆ ಫೋನ್ ಮಾಡಿದೆ. ಯಾವ ಕಾರ್ಯವಾದರೂ ಜನ ಸೇರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ನಾನು ಅವನಿಗೂ ನನ್ನ ಇಂಗ್ಲಿಷಿನಲ್ಲೇ ಹೇಳಿದೆ.

"ಕೆಂಪರಾಜು, ಮ್ಯಾನೇಜರ್ ತಾಯಿ ಪಾಸ್ ಔಟ್ ಆದ್ರು ಕಣಯ್ಯಾ."

"ಔಟಾದ್ರಾ?" ಅಂದ ಅವನು. ನಮ್ಮ ಕಡೆ ಮನುಷ್ಯ ಔಟಾದ ಅಂದರೆ ಅದಕ್ಕೆ ಇರುವುದು ಒಂದೇ ಅರ್ಥ. ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. "ಅಯ್ಯೋ ಸಿವನೇ. ಮೊನ್ನೆ ತಾನೆ ನನ್ನ 'ಉಂಡೇನ್ಲಾ' ಅಂತ ಕೇಳುದ್ರಲ್ಲ ಸಾ."

"ಹೂಂ ಕಣಯ್ಯಾ. ಯಾರೂ ಎಣಿಸಿರ್ಲಿಲ್ಲ. ಜನ ಕರ್ಕೊಂಡು ಬಾ. ಒಂದು ಲಗ್ಗೇಜ್ ಆಟೋ ಹಿಡಿ. ತಮಟೆಯವರು ಸಿಕ್ಕುದ್ರೆ ಅವರನ್ನೂ ಕರಿ."

"ಆಯ್ತು ಬುಡಿ ಸಾ, ಎಲ್ಲಾ ನಾನ್ ನೋಡ್ಕತೀನಿ." "ಬಿದಿರು ಬೇಕಾಯ್ತದಲ್ವಾ ಸಾ?"

ಬ್ಯಾನರ್ ಕಟ್ಟುವುದಕ್ಕೆ ಕೇಳುತ್ತಿದ್ದಾನೆ ಅಂತ ಅವನ ಮುಂದಾಲೋಚನೆಗೆ ಮೆಚ್ಚಿದೆ. "ತಾ" ಅಂದೆ. "ಗಟ್ಟಿಯಾಗಿರೋದನ್ನೇ ನೋಡಿ ತಾ."

ನಮ್ಮ ಬಡಾವಣೆ ಸಂಘಕ್ಕೆ ನಾನೇ ಕಾರ್ಯದರ್ಶಿ. ಹಾಗಾಗಿ ಸನ್ಮಾನಕ್ಕೆ ಬೇಕಾದ ಮೈಸೂರು ಪೇಟ, ಜರಿ ಅಂಚಿನ ಶಾಲು ಯಾವಾಗಲೂ ನಮ್ಮ ಬೀರುವಿನಲ್ಲೇ ಇರುತ್ತವೆ. ಅವನ್ನು ಒಂದು ಚೀಲಕ್ಕೆ ಹಾಕಿ ಜಯಾಳ ಕೈಗೆ ಕೊಟ್ಟೆ. ಅವಳು ಸ್ಕೂಟರಿನ ಹಿಂದೆ ಕೂತಳು. ದಾರಿಯಲ್ಲಿ ಅಂಗಡಿಯಿಂದ ಒಂದು ಡಬ್ಬಿ ಮೈಸೂರ್‌ಪಾಕು ತೆಗೆದುಕೊಂಡು ಹೂವಿನವನ ಹತ್ತಿರ ನಿಲ್ಲಿಸಿದೆ.

"ದೊಡ್ಡ ಹಾರ ಕೊಡಪ್ಪ. ನಮ್ಮ ಮ್ಯಾನೇಜರ್ ತಾಯಿ ಪಾಸ್ ಔಟ್ ಆದ್ರು" ಅಂದೆ.

ಹೂವಿನವನು ಮಾಲೆ ಕಟ್ಟುವುದನ್ನು ನಿಲ್ಲಿಸಿದ. "ಔಟಾಗೋದ್ರಾ? ಪಾಪ. ಏನಾಗಿತ್ತು ಸಾ?"

"ಬಿ.ಎ."

"ಅದೊಂದು ಇತ್ತೀಚ್ಗೆ ಎಲ್ರಿಗೂ ಆಯ್ತದೆ ಸಾ. ನಮ್ಮತ್ತೆಗೂ ಐತೆ, ದಿನಾ ಮಾತ್ರೆ ನುಂಗ್ತದೆ" ಅಂದ.

ಇವನ ಅತ್ತೆ ಬಿ.ಎ. ಓದುವುದಕ್ಕೂ ಮಾತ್ರೆಗೂ ಏನು ಸಂಬಂಧ ಅಂತ ನನಗೆ ಅರ್ಥವಾಗಲಿಲ್ಲ. ಓದಿನ ಒತ್ತಡ ಇರಬೇಕು ಅಂದುಕೊಂಡೆ. ಅವನು ಹುಡುಕಿ ಹುಡುಕಿ, ಎದೆಯಿಂದ ಮೊಣಕಾಲಿನವರೆಗೆ ಬರುವಂಥ ಸುಗಂಧರಾಜದ ಹಾರ ತೆಗೆದುಕೊಟ್ಟು ಕೈಮುಗಿದ. ಹೂವು ಕೊಂಡದ್ದಕ್ಕೆ ಕೈಮುಗಿಯುವ ಅಂಗಡಿಯವನನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕೋ ನಂಗೆ ಸರಿ ಅನ್ನಿಸ್ತಿಲ್ಲ" ಅಂದಳು ಜಯಾ.

"ನಿಂಗೆ ಯಾವತ್ತು ಸರಿ ಅನ್ನಿಸಿದೆ?" ಅಂತ ನಾನು ಗಾಡಿ ಎತ್ತಿದೆ.

ಸಾಹೂ ಅವರ ಬೀದಿಯ ತುದಿಯಲ್ಲಿ ಕೆಂಪರಾಜು ಕಾಯುತ್ತಿದ್ದ. ಲಗ್ಗೇಜ್ ಆಟೋ ಬಂದಿತ್ತು. ಅದರೊಳಗೆ ಹಸಿ ಬಿದಿರು, ಒಂದು ಪ್ಲಾಸ್ಟಿಕ್ ಕುರ್ಚಿ. ತಮಟೆಯವರು ತಮಟೆ ಕಾಯಿಸಲು ಒಂದಿಷ್ಟು ಹುಲ್ಲಿಗೆ ಬೆಂಕಿ ಹಾಕಿಕೊಂಡು ಕೂತಿದ್ದರು. ಬ್ಯಾಂಕಿನವರೂ ಬಂದು ಸಾಲಾಗಿ ನಿಂತಿದ್ದರು. ಒಬ್ಬರ ಮುಖದಲ್ಲೂ ಕಳೆಯಿಲ್ಲ.

"ಎಲ್ಲಿ, ಎಲ್ಲರೂ ಸ್ವಲ್ಪ ನಗುನಗುತಾ ಇರಿ" ಅಂದೆ ನಾನು.

ಕೆಂಪರಾಜು ನನ್ನನ್ನು ಪಕ್ಕಕ್ಕೆ ಕರೆದ. "ನಗ್ಬೇಡಿ ಸಾ. ನೋಡೋರ ಮುಂದೆ ಚೆನ್ನಾಗಿರಾಕಿಲ್ಲ."

"ಯಾಕಯ್ಯಾ, ನಿಂಗೆ ಸಂಕಟವಾ?"

"ಆಗಾಕಿಲ್ವಾ ಸಾ?"

ಅವನ ಮಗಳು ಡಿಗ್ರಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡು ಮನೆಯಲ್ಲಿದ್ದಳು. ಆ ಹೊಟ್ಟೆಯುರಿ ಇರಬೇಕು ಅಂತ ನನಗೆ ಕನಿಕರವಾಯಿತು. ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ. "ಬೇಜಾರು ಮಾಡ್ಕೋಬೇಡ. ಇವತ್ತು ಅವರ ಮನೇಲಾಯ್ತು, ನಾಳೆ ನಿಮ್ಮನೇಲೂ ಆಗುತ್ತೆ."

ಕೆಂಪರಾಜು ಟವೆಲಿನಿಂದ ಕಣ್ಣೊರೆಸಿಕೊಂಡು, "ಅದೂ ನಿಜಾನೇ ಬುಡಿ ಸಾ" ಅಂದ.

ತಮಟೆ ಶುರುವಾಯಿತು. ನಾವು ಹಾರ ಹಿಡಿದು ಬೀದಿಯಲ್ಲಿ ನಡೆದೆವು. ಜನ ಬಾಗಿಲಿಗೆ ಬಂದು ನಿಂತರು. ದಿನಸಿ ಅಂಗಡಿಯವನು ಷಟರ್ ಅರ್ಧಕ್ಕೆ ಇಳಿಸಿದ. ನಾಲ್ಕಾರು ಮಂದಿ ಚಪ್ಪಲಿ ಕಳಚಿ ನಮ್ಮ ಹಿಂದೆ ಮೌನವಾಗಿ ಸೇರಿಕೊಂಡರು. ವಿದ್ಯೆಗೆ ಈ ಊರಿನವರು ಕೊಡುವ ಗೌರವ ನೋಡಿ ನನಗೆ ಹೆಮ್ಮೆಯೆನಿಸಿತು.

ಮನೆ ಹತ್ತಿರ ಬರುವಾಗ ಪುಟ್ಟತಾಯಮ್ಮ ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಎದುರಿಗೆ ಬರುತ್ತಿದ್ದರು. ತಮಟೆ ನೋಡಿದರು, ಬಿದಿರು ನೋಡಿದರು, ಹಾರ ನೋಡಿದರು. ತಲೆ ಮೇಲಿನ ಹಿಟ್ಟಿನ ಚೀಲ ಧೊಪ್ಪನೆ ಬಿತ್ತು.

"ಯಾರಿಗ್ಲಾ?"

"ನಿಮ್ಮ ಮಹಡಿ ಮನೆ ಅಮ್ಮಂಗೆ ಕಣಮ್ಮ" ಅಂದ ಕೆಂಪರಾಜು.

"ಅಯ್ಯೋ ನಮ್ಮವ್ವಾ, ಬೆಳಿಗ್ಗೆ ತಾನೆ ಮೆಟ್ಟಿಲ ಮೇಲೆ ನಿಂತ್ಕಂಡು ಮಾತಾಡುದ್ಲಲ್ಲೋ" ಅಂತ ಪುಟ್ಟತಾಯಮ್ಮ ಎದೆ ಬಡಿದುಕೊಂಡು ಬೀದಿಯಲ್ಲೇ ಕೂತರು.

ನಾನು ಬಗ್ಗಿ ಹೇಳಿದೆ. "ಅಳಬಾರ್ದು ಕಣಮ್ಮ, ಸಂತೋಷ ಪಡೋ ಸಮಾಚಾರ."

ಪುಟ್ಟತಾಯಮ್ಮ ಅಳು ನಿಲ್ಲಿಸಿ ತಲೆಯೆತ್ತಿದರು. "ಏನಂದೆ? ಸಂತೋಸವಾ? ಮನ್ಸನೇನ್ಲಾ ನೀನು? ಅಷ್ಟು ದೂರದಿಂದ ಬಂದ ಎಣ್ಮಗಳು, ನಂಗೆ ಒಡುಟ್ಟಿದೋಳಂಗಿದ್ಲು. ಸಂತೋಸವಂತೆ, ಬಂದ್ಬುಟ್ಟ ಮುಠ್ಠಾಳ."

ಆಗ ಮೊದಲ ಸಲ ನನಗೆ ಅನುಮಾನ ಬಂತು. ಹಿಂತಿರುಗಿ ನೋಡಿದೆ. ಜಯಾ ಆಗಲೇ ಚೀಲ ಕಂಕುಳಲ್ಲಿ ಅವುಚಿಕೊಂಡು ಮಹಡಿ ಮೆಟ್ಟಿಲು ಹತ್ತುತ್ತಿದ್ದಳು. ನಾನೂ ಹಾರ ಹಿಡಿದುಕೊಂಡೇ ಅವಳ ಹಿಂದೆ ಓಡಿದೆ. ನನ್ನ ಹಿಂದೆ ಕೆಂಪರಾಜು. ಕೈಯಲ್ಲಿ ಬಿದಿರು.

ಬಾಗಿಲು ತೆರೆದಿತ್ತು. ಒಳಗೆ ಚಾಪೆಯ ಮೇಲೆ ಆ ತಾಯಿ ಕಣ್ಣುಮುಚ್ಚಿ ಮಲಗಿದ್ದರು. ಸಾಹೂ ಅವರು ಬನಿಯನ್ನಿನಲ್ಲಿ, ಬೆವರಿನಲ್ಲಿ ತೊಯ್ದು, ಅವರ ಕೈ ಹಿಡಿದುಕೊಂಡು ಕೂತಿದ್ದರು. ನಾವು ಬಂದ ಸದ್ದಿಗೆ ಆಸೆಯಿಂದ ತಲೆಯೆತ್ತಿದರು. ಮೊದಲು ಹಾರ ಕಂಡಿತು. ಆಮೇಲೆ ಬಿದಿರು ಕಂಡಿತು. ಕೆಳಗಿನಿಂದ ತಮಟೆ ಕೇಳಿಸಿತು.

"ಶೀ ಈಸ್ ನಾಟ್ ಡೆಡ್" ಅಂದರು.

"ನೋ ಸಾರ್" ಅಂದೆ ನಾನು. "ಶೀ ಈಸ್ ಬಿ.ಎ."

ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪಿ ಬೀಳುವುದು ಅಂತಲೂ ಇದೆ ಅಂತ ನನಗೆ ತಿಳಿದದ್ದು ಹೀಗೆ, ಹಾರ ಹಿಡಿದುಕೊಂಡು ನಿಂತಾಗ. ಪದಕೋಶ ನೋಡಿ ತಿಳಿದವರು ಪುಣ್ಯವಂತರು.

ಜಯಾ ಯಾರ ಇಂಗ್ಲಿಷಿಗೂ ಕಾಯಲಿಲ್ಲ. ತಾಯಿಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, "ಉಸಿರು ಸರಿಯಾಗೈತೆ, ಗಾಳಿ ಬಿಡ್ರೀ" ಅಂತ ಎಲ್ಲರನ್ನೂ ಹಿಂದಕ್ಕೆ ಸರಿಸಿದಳು. ಆಂಬುಲೆನ್ಸಿಗೆ ಸಾಹೂ ಅವರು ಆಗಲೇ ಫೋನ್ ಮಾಡಿದ್ದರು. ಅದು ಬ್ಲಫ್ ಅನ್ನುವ ಊರಿನ ಕಡೆಗೆ ಯಾರನ್ನೋ ತರಲು ಹೋಗಿತ್ತು, ಬರುವುದು ತಡವಾಗುತ್ತದೆ ಅಂದಿದ್ದರಂತೆ. ಕಡಿದಾದ ಮೆಟ್ಟಿಲಿನಲ್ಲಿ ಒಬ್ಬರೇ ಎತ್ತಿಕೊಂಡು ಇಳಿಯಲು ಧೈರ್ಯ ಸಾಲದೆ ನನಗೆ ಫೋನ್ ಮಾಡಿದ್ದರು. ಊರಿನಲ್ಲಿ ಅಷ್ಟು ಜನ ಇರುವಾಗ ನನಗೇ ಮಾಡಿದ್ದರು. ನನಗೆ ಇಂಗ್ಲಿಷ್ ಬರುತ್ತದೆ ಅಂತ.

ಮೆರವಣಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿ ಮೇಲಕ್ಕೆ ಬಂತು. ತಾಯಿಯನ್ನು ಅದರಲ್ಲಿ ಕೂರಿಸಿ, ಸನ್ಮಾನದ ಶಾಲಿನಿಂದ ಸೊಂಟಕ್ಕೆ ಸುತ್ತಿ ಕಟ್ಟಿ, ನಾವು ನಾಲ್ವರು ಹಿಡಿದು ಕೆಳಗಿಳಿಸಿದೆವು. ಲಗ್ಗೇಜ್ ಆಟೋದೊಳಗೆ ಜಯಾ ತೊಡೆ ಮೇಲೆ ಅವರ ತಲೆ ಇಟ್ಟುಕೊಂಡಳು. ಬಿದಿರನ್ನು ಕೆಳಗಿಳಿಸಲು ಪುರುಸೊತ್ತು ಯಾರಿಗಿತ್ತು? ಹಾರವನ್ನೂ ಎಲ್ಲಿಡಬೇಕೋ ತಿಳಿಯದೆ ನಾನು ಆಟೋದ ಮುಂದಿನ ಕನ್ನಡಿಗೆ ನೇತುಹಾಕಿದೆ. ಅದು ನಾನು ಅವತ್ತು ಮಾಡಿದ ತಪ್ಪುಗಳಲ್ಲಿ ಚಿಕ್ಕದು.

ದೊಡ್ಡ ತಪ್ಪು ತಮಟೆಯವರಿಗೆ ಏನೂ ಹೇಳದೆ ಇದ್ದದ್ದು. ಗಾಡಿ ಕದಲಿದ್ದೇ ಅವರು ತಮ್ಮ ಕೆಲಸ ಶುರುಮಾಡಿದರು, ಹೊಸ ಹುರುಪಿನಿಂದ. ಆಟೋ ನಿಧಾನ, ಮುಂದೆ ತಮಟೆ, ಹಿಂದೆ ಇಡೀ ಬೀದಿ. ಎದುರಿಗೆ ಬಂದ ಬಸ್ಸು ಪಕ್ಕಕ್ಕೆ ನಿಂತು ದಾರಿ ಬಿಟ್ಟಿತು. ಕಿಟಕಿಯಿಂದ ಜನ ಕೈಮುಗಿದರು. ಸಾಹೂ ಅವರು ನನ್ನ ಪಕ್ಕದಲ್ಲಿ ಕೂತು, "ಪ್ಲೀಸ್ ಸ್ಟಾಪ್ ದಿಸ್" ಅನ್ನುತ್ತಿದ್ದರು. ನಾನು "ಸ್ಟಾಪ್, ಸ್ಟಾಪ್" ಅಂತ ಕೂಗಿದೆ. ಡ್ರೈವರ್ ಗಾಡಿ ನಿಲ್ಲಿಸಿದ. ತಮಟೆ ಮುಂದುವರಿಯಿತು.

ಆ ಸದ್ದಿಗೇ ಇರಬೇಕು, ತಾಯಿ ಕಣ್ಣು ಬಿಟ್ಟರು. ಸುತ್ತ ನೋಡಿದರು. ಪಕ್ಕದಲ್ಲಿ ಬಿದಿರು, ಕನ್ನಡಿಯಲ್ಲಿ ಹಾರ, ಹಿಂದೆ ಕೈಮುಗಿದು ನಿಂತ ಊರು, ಆಟೋದ ಹಲಗೆ ಹಿಡಿದುಕೊಂಡು ಅಳುತ್ತಿದ್ದ ಪುಟ್ಟತಾಯಮ್ಮ. ಕೊನೆಗೆ ಅವರ ಕಣ್ಣು ನನ್ನ ಮೇಲೆ ನಿಂತಿತು.

"ಏನ್ಲಾ ಸಿವಣ್ಣ" ಅಂದರು, ಕ್ಷೀಣವಾದ ಧ್ವನಿಯಲ್ಲಿ. "ನಾನು ಸತ್ತೋದ್ನೇನ್ಲಾ?"

ಪುಟ್ಟತಾಯಮ್ಮ ಅಳು ಮರೆತು ಕಿಟಾರನೆ ಕಿರುಚಿದರು. ತಮಟೆ ನಿಂತಿತು. ಹಿಂದೆ ಇದ್ದ ಜನರಲ್ಲಿ ಒಂದಿಬ್ಬರು ಓಡಿಯೇ ಹೋದರು.

"ಇಲ್ಲಮ್ಮ" ಅಂದೆ ನಾನು. "ನೀವು ಪಾಸಾದ್ರಿ ಅಂತ..."

"ರಿಸಲ್ಟು ಬಂತೇನ್ಲಾ?" ಅಂತ ಅವರು ಏಳಲು ಹೋದರು. ಜಯಾ ಹಿಡಿದುಕೊಂಡಳು. ಇಲ್ಲ ಅನ್ನಲು ನನಗೆ ನಾಲಗೆ ಬರಲಿಲ್ಲ, ಹೂಂ ಅನ್ನಲು ಧೈರ್ಯವಿರಲಿಲ್ಲ. ತಲೆಯನ್ನು ಎರಡೂ ಕಡೆಗೆ ಆಡಿಸಿದೆ. ಅವರಿಗೆ ಬೇಕಾದ ಅರ್ಥ ಅವರು ಮಾಡಿಕೊಳ್ಳಲಿ ಅಂತ.

ನರ್ಸಿಂಗ್ ಹೋಮಿನ ಗೇಟಿನಲ್ಲಿ ಇನ್ನೊಂದು ಕಂಟಕ. ಕಾವಲಿನವನು ಹಾರ, ಬಿದಿರು ನೋಡಿ ಕೈ ಅಡ್ಡ ಹಿಡಿದ. "ಬಾಡಿ ಇಲ್ಲಿಗೆ ತರಂಗಿಲ್ಲ. ಗೌರ್ಮೆಂಟ್ ಆಸ್ಪತ್ರೆಗೆ ಓಗಿ."

"ನಾನ್ ಬಾಡಿ ಅಲ್ಲ ಕಣ್ಲಾ" ಅಂತ ಒಳಗಿನಿಂದ ತಾಯಿ ಹೇಳಿದ ಮೇಲೆ ಗೇಟು ತೆರೆಯಿತು.

ಡಾಕ್ಟರು ಪರೀಕ್ಷೆ ಮಾಡಿ, ಗ್ಲೂಕೋಸ್ ಹಾಕಿ, ಹೆದರುವಂಥದ್ದೇನಿಲ್ಲ ಅಂದರು. ಫಲಿತಾಂಶ ಚೆನ್ನಾಗಿ ಬರಲಿ ಅಂತ ತಾಯಿ ಹರಕೆ ಹೊತ್ತು ಹಿಂದಿನ ದಿನದಿಂದ ಹನಿ ನೀರೂ ಮುಟ್ಟಿರಲಿಲ್ಲವಂತೆ. ಮಗನಿಗೂ ಹೇಳಿರಲಿಲ್ಲ. ಪುಟ್ಟತಾಯಮ್ಮನಿಗೆ ಇದು ಗೊತ್ತಾಗಿ, ಸತ್ತಾಗ ಅತ್ತದ್ದಕ್ಕಿಂತ ಜೋರಾಗಿ ಬದುಕಿದ್ದಕ್ಕೆ ಬೈದರು. "ಮಾರ್ಕು ಉಪ್ವಾಸಕ್ಕೆ ಕೊಡ್ತಾರೇನಮ್ಮಿ, ಬರ್ದಿರೋದ್ಕೆ ಕೊಡ್ತಾರೆ." ತಾಯಿ ಮಗುವಿನ ಹಾಗೆ ನಗುತ್ತಾ ಕೇಳಿಸಿಕೊಂಡರು.

ನಡುವೆ ಡಾಕ್ಟರು ಹೊರಗೆ ಬಂದು "ಡಿಡ್ ಶೀ ಪಾಸ್ ಯೂರಿನ್?" ಅಂತ ಕೇಳಿದರು. ಎಲ್ಲರೂ ರೂಢಿಯಂತೆ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ. ಆ ಕ್ರಿಯಾಪದ ಇರುವ ಯಾವ ವಾಕ್ಯಕ್ಕೂ ಬಾಯಿ ಹಾಕುವುದಿಲ್ಲ ಅಂತ ಅಷ್ಟು ಹೊತ್ತಿಗೆ ತೀರ್ಮಾನಿಸಿದ್ದೆ.

ಮಧ್ಯಾಹ್ನ ಎಲ್ಲ ಸಮಾಧಾನಕ್ಕೆ ಬಂದಮೇಲೆ ಸಾಹೂ ಅವರು ಬೆಂಚಿನ ಮೇಲೆ ನನ್ನ ಪಕ್ಕ ಕೂತು ಕೇಳಿದರು. ನೀವು ಏನು ತಿಳಿದುಕೊಂಡಿರಿ ಅಂತ. ಹೇಳಿದೆ. ಕೆಂಪರಾಜು ಏನು ತಿಳಿದುಕೊಂಡ ಅಂತ ಕೇಳಿದರು. ಅದನ್ನೂ ಹೇಳಿದೆ. ಅವರು ಹೊರಗೆ ಗೋಡೆಗೆ ಒರಗಿಸಿದ್ದ ಬಿದಿರನ್ನು ಬಹಳ ಹೊತ್ತು ನೋಡಿದರು.

"ಐ ಓನ್ಲಿ ವಾಂಟೆಡ್ ಎ ಕಾರ್" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಜಯಾ ಡಬ್ಬಿ ತೆಗೆದು ಅವರಿಗೆ ಒಂದು ಮೈಸೂರ್‌ಪಾಕು ಕೊಟ್ಟಳು. ಬೆಳಿಗ್ಗೆಯಿಂದ ಅವರೂ ಏನೂ ತಿಂದಿರಲಿಲ್ಲ. ತಿನ್ನುತ್ತಾ ತಿನ್ನುತ್ತಾ ಅವರ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾರೆ ಅಂತ ನಾನು ಗಾಬರಿಯಾದೆ. ನಗುತ್ತಿದ್ದರು. ಆನಂದಬಾಷ್ಪ ಅಂದರೆ ಏನು ಅಂತ ಆಗ ಗೊತ್ತಾಯಿತು.

ಅದಾದ ಮೇಲೆ ಬ್ಯಾಂಕಿನಲ್ಲಿ ಒಂದು ಬದಲಾವಣೆ ಕಂಡಿತು. ಸಾಹೂ ಅವರು ಸಂಜೆ ಹೊತ್ತು ಪುಟ್ಟತಾಯಮ್ಮನ ಜಗುಲಿಯಲ್ಲಿ ಕೂತು ಕನ್ನಡ ಕಲಿಯತೊಡಗಿದರು. ತಾಯಿ ತಪ್ಪು ತಿದ್ದುತ್ತಿದ್ದರು. ಮೊದಮೊದಲು "ನೀರು ಕೊಡಿ", "ನಾಳೆ ಬನ್ನಿ" ಅಷ್ಟೇ ಬರುತ್ತಿತ್ತು. ನೋಡನೋಡುತ್ತ ರೈತರ ಜೊತೆ ಗೊಬ್ಬರ, ಬೆಳೆ, ಬಡ್ಡಿ ಎಲ್ಲ ಮಾತಾಡಲು ಶುರುಮಾಡಿದರು. ಕೌಂಟರಿನಲ್ಲಿ ಜನ ಖುಷಿಯಾದರು. ನನ್ನ ಮೇಜಿಗೆ ಬರುವವರು ಕಡಿಮೆಯಾದರು.

ಫಲಿತಾಂಶ ಬಂದದ್ದು ಅದಾಗಿ ಎಷ್ಟೋ ದಿನಕ್ಕೆ. ಸಾಹೂ ಅವರು ಫೋನ್ ಮಾಡದೆ, ಸಂಜೆ ತಾವೇ ನಮ್ಮ ಮನೆಗೆ ನಡೆದುಕೊಂಡು ಬಂದರು. ಬಾಗಿಲಲ್ಲಿ ನಿಂತು, ಉಸಿರು ಎಳೆದುಕೊಂಡು, ಪಾಠ ಒಪ್ಪಿಸುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಶಿವಣ್ಣೋರೇ, ನಮ್ಮಮ್ಮ ಬಿ.ಎ. ಪರೀಕ್ಷೇಲಿ ಪಾಸಾದ್ರು. ಅಮ್ಮ ಬದುಕಿದ್ದಾರೆ. ಎಚ್ಚರವಾಗಿದ್ದಾರೆ. ಊಟ ಮಾಡಿದ್ದಾರೆ. ನೀವಿಬ್ಬರೂ ಮನೆಗೆ ಬಂದು ಸ್ವೀಟ್ ತಿನ್ನಿ. ಇಬ್ಬರೇ ಬನ್ನಿ."

ಹೋದೆವು. ತಾಯಿ ಜಯಾಳಿಗೆ ಸೀರೆ ಕೊಟ್ಟರು. ಪುಟ್ಟತಾಯಮ್ಮ ಹೋಳಿಗೆ ಮಾಡಿದ್ದರು. ತಿನ್ನುವಾಗ ನಾನು ಸಾಹೂ ಅವರನ್ನು ಕೇಳಿದೆ. "ಇಷ್ಟು ದಿನ ಇಲ್ಲದ್ದು ಇಷ್ಟು ಚೆನ್ನಾಗಿ ಕನ್ನಡ ಕಲಿತ್ರಲ್ಲ ಸಾರ್, ಏನು ಮನಸ್ಸಿಗೆ ಬಂತು?"

ಅವರು ಸುಳ್ಳು ಹೇಳುವ ಮನುಷ್ಯನಲ್ಲ. "ನಮ್ಮಮ್ಮಂಗೆ ವಯಸ್ಸಾಯ್ತು ಶಿವಣ್ಣೋರೇ" ಅಂದರು. "ಇನ್ನೊಂದ್ಸಲ ಏನಾದ್ರೂ ಆದ್ರೆ, ನಿಮ್ಮತ್ರ ಇಂಗ್ಲಿಷ್‌ನಲ್ಲಿ ಹೇಳೋಕೆ ನಂಗೆ ಭಯ."

ಹೊರರಾಜ್ಯದಿಂದ ಬಂದ ಅಧಿಕಾರಿಗಳು ಕನ್ನಡ ಕಲಿಯುವುದಿಲ್ಲ ಅಂತ ಎಲ್ಲ ಕಡೆ ಹೋರಾಟ, ಮನವಿ, ಘೋಷಣೆ ನಡೆಯುತ್ತಲೇ ಇರುತ್ತವೆ. ನಾನು ಯಾವ ಹೋರಾಟವನ್ನೂ ಮಾಡದೆ, ಬರೀ ನನ್ನ ಇಂಗ್ಲಿಷಿನ ಬಲದಿಂದ ಒಬ್ಬರಿಗೆ ಕನ್ನಡ ಕಲಿಸಿದ್ದೇನೆ. ಇದನ್ನು ಜಯಾಳಿಗೆ ಹೇಳಿ, ರಾಜ್ಯೋತ್ಸವಕ್ಕೆ ಯಾರಾದರೂ ನನ್ನನ್ನು ಗುರುತಿಸಬಹುದು ಅಂದೆ.

"ಗುರುತಿಸ್ತಾರೆ" ಅಂದಳು. "ಹೂವಿನವನು ಈಗಲೂ ನಿಮ್ಮನ್ನ ನೋಡಿದ ಕೂಡಲೇ ಗುರುತಿಸ್ತಾನೆ. ಇವತ್ತು ಯಾರು ಔಟಾದ್ರು ಅಂತ ಕೇಳ್ತಾನೆ."